ಇಸ್ತ್ರಿ ಪೆಟ್ಟಿಗೆಗೆ ಬಿದ್ದ ಹಾಲುಮಡ್ಡಿ

"ಇನ್ನು ಮುಂದೆ ಈ ಮನೆಯಲ್ಲಿ ಅಂಗಡಿ ಊದುಬತ್ತಿ ಹಚ್ಚಿದರೆ ನನ್ನ ಹೆಸರು ಜಯಸಿಂಹನೇ ಅಲ್ಲ!"

ಹೀಗೆ ಘೋಷಿಸಿದಾಗ ಜಯಸಿಂಹನ ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣವಿತ್ತು. ಅದರೊಳಗೆ ಹಾಲುಮಡ್ಡಿ, ಕಾಡುಮರದಿಂದ ಒಸರಿದ, ಬೆಲ್ಲದ ಪಾಕದಂತೆ ಮೆತ್ತಗಿನ ಅಂಟು. ಆಫೀಸಿನ ಸಿದ್ದಲಿಂಗಯ್ಯ ಊರಿನಿಂದ ತಂದುಕೊಟ್ಟದ್ದು. ಕೆಂಡದ ಮೇಲೆ ಬಿದ್ದಾಗ ಅದು ಎಂಥ ಪರಿಮಳ ಬಿಡುತ್ತದೆ? ಈ ಒಂದು ಪ್ರಶ್ನೆ ಬೆಳಗಿನಿಂದ ಅವನನ್ನು ಕುಳಿತಲ್ಲಿ ಕೂರಲು ಬಿಟ್ಟಿರಲಿಲ್ಲ.

"ಹೆಸರು ಆಮೇಲೆ ಬದಲಾಯಿಸ್ಕೊಳ್ಳಿ," ಎಂದಳು ಹೆಂಡತಿ ವಿಮಲಾ. "ಮೊದಲು ಬೋರಣ್ಣನ ಹತ್ರ ನನ್ನ ಧಾರೆ ಸೀರೆ ಇಸ್ಕೊಂಡು ಬನ್ನಿ. ಆರು ಗಂಟೆಗೆ ಚಿಕ್ಕಪ್ಪನ ಮಗಳ ಆರತಕ್ಷತೆ. ನನಗಿರೋದು ಅದೊಂದೇ ರೇಷ್ಮೆ, ನೆನಪಿರಲಿ!"

ಜಯಸಿಂಹನ ನೆನಪೆಲ್ಲ ಕೆಂಡದ ಮೇಲೆ. ತ್ಯಾಗರಾಜನಗರದ ಆ ಮನೆಗೆ ಗ್ಯಾಸ್ ಬಂದು ಮೂರು ತಿಂಗಳಾಗಿತ್ತು; ಇದ್ದಿಲೊಲೆ ಅಟ್ಟ ಸೇರಿತ್ತು. ಸೌಟಿನಲ್ಲಿ ಒಂದಿಷ್ಟು ಹಾಲುಮಡ್ಡಿ ಇಟ್ಟು ಗ್ಯಾಸಿನ ಉರಿಗೆ ಹಿಡಿದರೆ ಅದು ಭಗ್ಗೆಂದು ಹತ್ತಿಕೊಂಡು ಗೋಡೆಗೆಲ್ಲ ಮಸಿ ಬಳಿಯಿತು. ವಿಮಲಾ ಸೌಟು ಕಿತ್ತುಕೊಂಡು ಗಂಡನನ್ನು ಬೀದಿಗಟ್ಟಿದಳು.

ಹೊಂಗೆ ಮರದ ಕೆಳಗೆ ಬೋರಣ್ಣನ ತಳ್ಳುಗಾಡಿ. ಗಾಡಿಯ ಮೇಲೆ ಸೀರೆ, ಸೀರೆಯ ಪಕ್ಕ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ... ಆಹಾ! ನಿಗಿನಿಗಿ ಕೆಂಡ!

"ಬೋರಣ್ಣ, ಎರಡೇ ಎರಡು ಕೆಂಡ ಕೊಡಪ್ಪ."

"ಕೆಂಡ ನಿಮಗೆ ಕೊಟ್ಟು, ಸೀರೆನ ನಾನು ಅಂಗೈಯಲ್ಲಿ ಸವರಲಾ ಸಾರ್? ಒಳಸೆರಗೊಂದು ಬಾಕಿ ಇದೆ. ಎದುರು ಮನೆಗೆ ಬಟ್ಟೆ ಕೊಟ್ಟು ಬಂದೆ, ಸ್ವಲ್ಪ ನೋಡ್ಕೊಳ್ಳಿ."

ನೋಡಿಕೊಳ್ಳುವ ಮಹಾಜವಾಬ್ದಾರಿ ಹೊತ್ತ ಜಯಸಿಂಹ ಯೋಚಿಸಿದ. ಕೆಂಡ ಕೊಡಲ್ಲ ಅಂದನೇ ಹೊರತು ಕೆಂಡಕ್ಕೆ ಏನೂ ಹಾಕಬೇಡಿ ಅಂದನೇ? ಇಲ್ಲವಲ್ಲ! ಮುಚ್ಚಳ ತೆರೆದು ಗೋಲಿಯಷ್ಟು ಹಾಕಿದ.

ಪೆಟ್ಟಿಗೆಯ ತೂತುಗಳಿಂದ ಬಿಳಿ ಹೊಗೆ ಎಳೆಎಳೆಯಾಗಿ ಹೊರಟಿತು. ಕಾಯುತ್ತಿರುವ ಹಾಲಿನ ಕಂಪು, ತೊಗಟೆಯ ಒಗರು, ಎಣ್ಣೆನೀರು ಹಾಕಿಸಿಕೊಂಡು ಅಮ್ಮನ ಮಡಿಲಲ್ಲಿ ತೂಕಡಿಸುತ್ತಿದ್ದ ಭಾನುವಾರಗಳು... ಜಯಸಿಂಹ ಕಣ್ಣು ಮುಚ್ಚಿದ. ಇನ್ನಷ್ಟು ಹಾಕಿದರೆ ಇನ್ನೇನೇನು ನೆನಪಾದೀತು? ಕುತೂಹಲ ತಡೆಯಲಾರದೆ ಪೊಟ್ಟಣವನ್ನೇ ಬೋರಲು ಹಾಕಿದ!

ಹೊಗೆ ಮರವನ್ನೇ ಮುಚ್ಚಿತು. ತರಕಾರಿ ಚೀಲ ಹಿಡಿದು ಬರುತ್ತಿದ್ದ ಪಕ್ಕದ ಬೀದಿಯ ಗೋವಿಂದಮ್ಮ ಚಪ್ಪಲಿ ಬಿಟ್ಟು ಗಾಡಿಗೆ ಕೈಮುಗಿದು, "ಇಲ್ಲಿ ಯಾವಾಗ ಗುಡಿ ಆಯ್ತಪ್ಪಾ?" ಎಂದರು.

ಜಯಸಿಂಹನ ಉತ್ಸಾಹ ಉಕ್ಕಿತು. "ತಗೊಳ್ಳಿ ಅಮ್ಮಾ!" ಎಂದು ಪೆಟ್ಟಿಗೆಯನ್ನೇ ಎತ್ತಿ ಮಂಗಳಾರತಿಯಂತೆ ಮುಂದೆ ಹಿಡಿದ. ಕರಗಿದ ಹಾಲುಮಡ್ಡಿ ತೂತಿನಿಂದ ಜಿನುಗಿತು. ಟಪ್! ಸೀರೆಯ ಮೇಲೆ ಎಂಟಾಣೆಯಗಲದ ಕಂದು ತಿಲಕ!

"ಅಯ್ಯಯ್ಯೋ ಸಾರ್!" ಓಡಿ ಬಂದ ಬೋರಣ್ಣ. "ನನ್ನ ಪೆಟ್ಟಿಗೆನೂ ಹೋಯ್ತು, ಅಮ್ಮೋರ ಸೀರೆನೂ ಹೋಯ್ತು!"

ಮನೆಗೆ ಬಂದ ಸೀರೆ ಕಂಡ ವಿಮಲಾ ಕೆಂಡಾಮಂಡಲವಾದಳು. ಇಡೀ ಮನೆಯಲ್ಲಿ ಸಿಗದ ಕೆಂಡ ಈಗ ಮಂಡಲಸಮೇತ ಪ್ರತ್ಯಕ್ಷ!

"ಅಲ್ಲಾ ರೀ, ಒಂದು ತೆಂಗಿನ ಚಿಪ್ಪು ಸುಟ್ಟಿದ್ರೆ ಕೆಂಡ ಆಗ್ತಿರಲಿಲ್ವಾ?"

ಜಯಸಿಂಹ ಖಾಲಿ ಮುತ್ತುಗದ ಎಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

ವಿಮಲಾ ಸೀರೆಯ ಮಡಿಕೆ ಬಿಚ್ಚಿದಳು. ಪುಣ್ಯಕ್ಕೆ ಕಲೆಯಾಗಿದ್ದು ಒಳಸೆರಗಿಗೆ, ಸೊಂಟಕ್ಕೆ ಸಿಕ್ಕಿಸುವ ತುದಿಗೆ. ಅವಳ ಉಸಿರು ಮರಳಿತು; ಜೊತೆಗೆ ಮಾತೂ.

"ಉಟ್ಟರೆ ಕಾಣಲ್ಲ. ನೀವೂ ಅಷ್ಟೇ, ಕಾಣಿಸ್ಕೋಬೇಡಿ! ಹೋಗಿ ಬೋರಣ್ಣನ ಪೆಟ್ಟಿಗೆ ತಿಕ್ಕಿಕೊಡಿ."

ಐದೂವರೆಗೆ ಜಯಸಿಂಹ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಆರಿದ ಪೆಟ್ಟಿಗೆಗೆ ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದ. ಧಾರೆ ಸೀರೆಯುಟ್ಟ ವಿಮಲಾ ಘಮಘಮಿಸುತ್ತ ಬಂದು ಗಾಡಿಯ ಮುಂದೆ ನಿಂತಳು.

"ಹೇಗಿದ್ದಾರೆ ಬೋರಣ್ಣ, ಹೊಸ ಆಳು?"

"ತಿಕ್ಕೋದು ಚೆನ್ನಾಗಿ ತಿಕ್ತಾರಮ್ಮ," ಎಂದ ಬೋರಣ್ಣ. "ಬಟ್ಟೆ ಹತ್ರ ಮಾತ್ರ ಬಿಡೋಕಾಗಲ್ಲ!"