ಕಾಕೂನ ಫೋನಿಗೆ ಎರಡನೇ ಜನ್ಮ

ಒಬ್ಬ ಮನುಷ್ಯ ಒಮ್ಮೆ ತನ್ನ ಹಳೆಯ ಫೋನನ್ನು ತಾನೇ ಸರಿಮಾಡಿಕೊಂಡರೆ ಸಾಕು, ಸುತ್ತಲಿನ ತಾಲ್ಲೂಕುಗಳಲ್ಲಿ ಸಾಯಲೂ ಆಗದೆ ಬದುಕಲೂ ಆಗದೆ ಬಿದ್ದಿರುವ ಫೋನುಗಳೆಲ್ಲ ಅವನ ಮನೆಯ ದಾರಿ ಕೇಳಿಕೊಂಡು ಬರುತ್ತವೆ. ಫೋನು ಒಂದೇ ಬಂದರೆ ಚಿಂತೆಯಿಲ್ಲ. ಹಿಂದೆ ಅದರ ಮಾಲೀಕರೂ ಬರುತ್ತಾರೆ.

ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದೇವರು, ಜ್ಯೋತಿಷ್ಯ, ಮೊಬೈಲ್ ಕಂಪನಿ, ಈ ಮೂರನ್ನೂ ನಂಬುವುದಿಲ್ಲ. ಮೊದಲ ಎರಡರಿಂದ ನನಗೆ ನೇರ ತೊಂದರೆ ಆಗಿಲ್ಲ. ಮೂರನೆಯದು ಮಾತ್ರ, ನನ್ನ ಫೋನು ಚೆನ್ನಾಗಿ ನಡೆಯುತ್ತಿರುವಾಗಲೇ, ಇನ್ನು ಇದಕ್ಕೆ ಹೊಸ ಸಾಫ್ಟ್‌ವೇರ್ ಕೊಡುವುದಿಲ್ಲ ಎಂದು ಕೈ ತೊಳೆದುಕೊಂಡಿತು. ಹೀಗೆ ಕೈಬಿಟ್ಟ ಫೋನುಗಳಿಗಾಗಿ ಎಲ್ಲೆಲ್ಲಿಯೋ ಕುಳಿತ ಹವ್ಯಾಸಿಗಳು ಸಾಫ್ಟ್‌ವೇರ್ ಬರೆದು ಪುಕ್ಕಟೆ ಹಂಚುತ್ತಾರೆ. ಕಂಪನಿ ಹಾಕಿದ ಬೀಗ ತೆಗೆದು, ಒಳಗಿನದನ್ನೆಲ್ಲ ಅಳಿಸಿ, ಇವರದನ್ನು ತುಂಬಬೇಕು. ಬಲ್ಲವರು ಇದನ್ನು ಫ್ಲ್ಯಾಶ್ ಮಾಡುವುದು ಅನ್ನುತ್ತಾರೆ. ನಮ್ಮ ಓಣಿಯಲ್ಲಿ "ಸರ್ ಸತ್ತ ಫೋನಿಗೆ ಜೀವಾ ತುಂಬ್ತಾರ" ಅನ್ನುತ್ತಾರೆ. ನಾನು ತಿದ್ದಲು ನೋಡಿದೆ. ಆಗಲಿಲ್ಲ.

ನಾಲ್ಕು ಗಂಟೆಯ ಊಟ

ನಾನಿರುವುದು ಮಾಳಿಗೆಯ ಕೋಣೆಯಲ್ಲಿ. ಕೆಳಗೆ ಮನೆಯೊಡತಿ, ಓಣಿಗೆಲ್ಲ ಕಾಕು. ಜೈನರು. ನನ್ನ ಎರಡು ಹೊತ್ತಿನ ಊಟವೂ ಅವರದೇ. ಕಾಕು ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವವರಲ್ಲ. ಅದಕ್ಕಾಗಿ ಅವರ ಫೋನಿನಲ್ಲಿ ಒಂದು ಆ್ಯಪ್ ಇತ್ತು. ಸೂರ್ಯಾಸ್ತಕ್ಕೆ ಸ್ವಲ್ಪ ಮೊದಲು ಬಸದಿಯ ಗಂಟೆಯ ಹಾಗೆ ಢಣ್ ಎನ್ನುತ್ತಿತ್ತು. ಕಾಕು ಅದನ್ನು ಕಟ್ಟೆಯ ಮೇಲೆ ಇಡುತ್ತಿದ್ದರು. ಅದು ಬಾರಿಸಿದರೆ ಓಣಿಯ ಅಷ್ಟೂ ಮನೆಯವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಎಲ್ಲರ ಮನೆಯಲ್ಲೂ ಗಡಿಯಾರಗಳಿವೆ. ಅವು ಲೆಕ್ಕಕ್ಕಿಲ್ಲ.

ಚಾತುರ್ಮಾಸ ಶುರುವಾಯಿತು. ಕಾಕು ಮುನಿಗಳ ಎದುರು ಒಂದು ವ್ರತ ಹಿಡಿದರು: ಈ ನಾಲ್ಕು ತಿಂಗಳು ಹೊಸ ವಸ್ತು ಯಾವುದನ್ನೂ ಕೊಳ್ಳುವುದಿಲ್ಲ, ಯಾರಾದರೂ ಕೊಟ್ಟರೂ ಇಟ್ಟುಕೊಳ್ಳುವುದಿಲ್ಲ. ವ್ರತ ಹಿಡಿದ ಎರಡೇ ದಿನಕ್ಕೆ ಆ ಆ್ಯಪ್, ನಿಮ್ಮ ಫೋನು ತೀರಾ ಹಳೆಯದು, ನಾನಿನ್ನು ನಡೆಯಲಾರೆ ಎಂದಿತು.

"ಗೋಡಿ ಮ್ಯಾಲ ಕ್ಯಾಲೆಂಡರ್ ಐತಲ್ರಿ ಕಾಕು, ಅದರಾಗ ಸೂರ್ಯಾಸ್ತ ಬರದಿರ್ತಾರ," ಅಂದೆ.

"ಬರದಿರ್ತಾರ್ರಿ. ಕ್ಯಾಲೆಂಡರ್ ಒದರೂದಿಲ್ಲಲ್ಲ?"

ಮಳೆಗಾಲ, ಮೋಡ, ಸೂರ್ಯನ ಸುಳಿವಿಲ್ಲ. ಹೊತ್ತು ಮುಳುಗಿದ್ದು ತಿಳಿಯದೆ ಉಂಡುಬಿಟ್ಟರೆ ಎಂಬ ಅಂಜಿಕೆಗೆ ಕಾಕು ಮಧ್ಯಾಹ್ನ ನಾಲ್ಕಕ್ಕೇ ರಾತ್ರಿಯ ಊಟ ಮುಗಿಸತೊಡಗಿದರು. ನನ್ನ ತಾಟೂ ನಾಲ್ಕಕ್ಕೇ ಮೇಲೆ ಬರತೊಡಗಿತು.

"ಸರ್, ಅದಕ್ಕೂ ಒಂದೀಟ ಜೀವಾ ತುಂಬರಲಾ," ಅಂತ ಕಾಕು ಕೇಳಿದಾಗ ನಾನು ಒಪ್ಪಲಿಲ್ಲ. ಫೋನು ಕೆಟ್ಟರೆ ಬೇರೆಯವರು ಇನ್ನೊಂದು ಕೊಳ್ಳುತ್ತಾರೆ, ಇವರು ಕೊಳ್ಳುವ ಹಾಗಿಲ್ಲ. ನನ್ನ ಹಿಂದಿನ ಸಾಧನೆಗಳು ಧೈರ್ಯ ಕೊಡುವಂಥವೂ ಆಗಿರಲಿಲ್ಲ. ಅವುಗಳಲ್ಲಿ ಕೆಲವನ್ನು ಹೇಳುತ್ತೇನೆ.

ಅಲಖನೂರಿನ ಟ್ರ್ಯಾಕ್ಟರ್

ರಾಯಬಾಗ ಕಡೆಯ ಅಲಖನೂರಿನಿಂದ ಒಬ್ಬ ಕಬ್ಬಿನ ಗೌಡರು ಬಂದಿದ್ದರು. ಫೋನು ಮುಟ್ಟಿದರೆ ಚಹಾ ಕುಡಿದು ಬರುವಷ್ಟು ಹೊತ್ತಿಗೆ ತೆರೆಯುತ್ತಿತ್ತು. ಕರೆ ಬಂದರೆ ಎತ್ತುವ ಗುಂಡಿ ಕಾಣುವುದರೊಳಗೆ ಕರೆ ಮುಗಿದಿರುತ್ತಿತ್ತು. ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟೆ. ಓಡತೊಡಗಿತು. ಗೌಡರು ಖುಷಿಯಿಂದ ಹೋದರು.

ಸುಗ್ಗಿಯ ನಡುವೆ ತಿರುಗಿ ಬಂದರು. ಮುಖ ಬಾಡಿತ್ತು.

"ಏನಾತ್ರಿ, ಮತ್ತ ನಿಂತಿತೇನು?"

"ನಿಂತಿಲ್ರಿ. ಅದ ತ್ರಾಸು. ಮೊದಲ ಯಾರಾರ ನನ್ನ ಟ್ರ್ಯಾಕ್ಟರ್ ಕೇಳಾಕ ಫೋನ್ ಹಚ್ಚಿದ್ರ, ಹ್ಯಾಂಗ್ ಆಗಿತ್ತೋ ತಮ್ಮಾ, ನೀ ಹಚ್ಚಿದ್ದು ಗೊತ್ತ ಆಗಿಲ್ಲ ಅಂತಿದ್ದೆ. ಊರೆಲ್ಲಾ ನಂಬಿತ್ತು. ಈಗ ಒಂದ ರಿಂಗಿಗೆ ಎತ್ತತೈತಿ. ಟ್ರ್ಯಾಕ್ಟರ್ ನನ್ನ ಹೊಲಾ ಬಿಟ್ಟು ಎಲ್ಲಾರ ಹೊಲದಾಗೂ ಐತಿ."

"ನಾ ಏನ್ ಮಾಡ್ಲಿ?"

ಗೌಡರು ಸುತ್ತ ನೋಡಿ ದನಿ ಇಳಿಸಿದರು. "ಒಂದೀಟ ಹ್ಯಾಂಗ್ ಹಾಕಿ ಕೊಡ್ರಿ. ಪೂರ್ತಿ ಬ್ಯಾಡ. ಬೀಗರು ಹಚ್ಚಿದಾಗ ಅಷ್ಟ."

ಸತ್ತ ಮರಿ

ಎರಡನೆಯದು ಅಥಣಿ ತಾಲ್ಲೂಕಿನ ಕೊಕಟನೂರ ಕಡೆಯ ಕುರಿಗಾರನೊಬ್ಬನ ಫೋನು. ಸಾಫ್ಟ್‌ವೇರ್ ಅರ್ಧ ಇಳಿದಿತ್ತು, ಕರೆಂಟು ಹೋಯಿತು, ಕಂಪ್ಯೂಟರ್ ಆರಿತು. ಕರೆಂಟು ಬಂದ ಮೇಲೆ ಕಂಪ್ಯೂಟರ್ ಎದ್ದಿತು, ಫೋನು ಏಳಲಿಲ್ಲ. ಏನೇನು ಗೊತ್ತೋ ಎಲ್ಲ ಮಾಡಿದೆ. ಕಲ್ಲಿನ ಹಾಗೆ ಬಿದ್ದಿತ್ತು.

ಅವನಿಗೆ ಹೇಗೆ ಹೇಳುವುದು ಎಂದು ಮಾತು ಜೋಡಿಸಿಕೊಂಡು ಕುಳಿತಿದ್ದೆ. ಬಂದವನು ನನ್ನ ಮುಖ ನೋಡಿಯೇ ತಿಳಿದ.

"ಹೋತೇನ್ರಿ?"

"ಹೋತಪ್ಪ."

ಅವನು ಬಗ್ಗಿ ನನ್ನ ಭುಜ ಮುಟ್ಟಿದ. "ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾವು ಕುರಿ ಸಾಕಾವ್ರು. ಹುಟ್ಟಿದ್ದ ಮರಿಯೆಲ್ಲಾ ಎಲ್ಲಿ ಉಳೀತಾವ? ನೀವೇನ್ ಬೇಕಂತ ಮಾಡೀರೇನು?"

ವಿಶ್ವವಿದ್ಯಾಲಯ ಬಿಟ್ಟ ಮೇಲೆ ಯಾರೂ ನನಗೆ ಇಷ್ಟು ಸಮಾಧಾನ ಹೇಳಿರಲಿಲ್ಲ. ಕಣ್ಣು ಒದ್ದೆಯಾಗುವುದರಲ್ಲಿತ್ತು. ಅವನು ಫೋನನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿ ನಿಟ್ಟುಸಿರು ಬಿಟ್ಟ.

"ಆದ್ರ ಸರ್, ಸತ್ತ ಮರೀದು ಚರ್ಮಾ ಆದ್ರೂ ಬರತೈತಿ."

ನನ್ನದೊಂದು ಹಳೆಯ ಫೋನು ಆವತ್ತು ಕೊಕಟನೂರಿಗೆ ಹೋಯಿತು.

ಪೂರ್ಣ ಸ್ವಾತಂತ್ರ್ಯ

ಮೂರನೆಯವರು ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕರು. ಸಾಫ್ಟ್‌ವೇರ್ ಬದಲಿಸಿದರೆ ಅವರಿಗೆ ಸಾಲದು, ರೂಟ್ ಕೂಡ ಮಾಡಬೇಕು. ರೂಟ್ ಅಂದರೆ ಫೋನಿನ ಮೂಲೆ ಮೂಲೆಯ ಅಧಿಕಾರವೂ ಮಾಲೀಕನ ಕೈಗೆ ಬರುವುದು. "ನನ್ನ ಫೋನಿನಾಗ ಕಂಪನಿಯವನ ಸಾಮ್ರಾಜ್ಯ ಯಾಕ?" ಅಂದರು. ನಲವತ್ತು ನಿಮಿಷದ ಪಾಠಕ್ಕೆ ಆಗುವಷ್ಟು ಮಾತಾಡಿದರು. ಕೇಳಿ ಸುಸ್ತಾಗಿ ರೂಟ್ ಮಾಡಿಕೊಟ್ಟೆ.

ಮರುದಿನ ಇಬ್ಬರೂ ನಿಪ್ಪಾಣಿಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನ ಹೊರಗೆ ಚಹಾ ಕುಡಿದು, ಅವರು ದೊರೆಯ ಗತ್ತಿನಲ್ಲಿ ಫೋನು ತೆಗೆದು ಸ್ಕ್ಯಾನ್ ಮಾಡಿದರು. ಬ್ಯಾಂಕಿನ ಆ್ಯಪ್, ಈ ಫೋನು ಸುರಕ್ಷಿತವಲ್ಲ ಎಂದು ಬಾಗಿಲು ಹಾಕಿಕೊಂಡಿತು. ಮತ್ತೆ ಒತ್ತಿದರು. ಮತ್ತೆ ಅದೇ. ಕಿಸೆಯಲ್ಲಿ ಚಿಲ್ಲರೆ ಇರಲಿಲ್ಲ.

ಚಹಾದವನು ಬಟ್ಟೆ ಹೆಗಲಿಗೆ ಹಾಕಿಕೊಂಡು ಬಂದ. "ಕಾಯ್ ಝಾಲಾ ಸರ್? ಏನಾತ್ರಿ?"

ನಾನು ವಿವರಿಸಿದೆ. ಈಗ ಈ ಫೋನಿನಲ್ಲಿ ಇವರು ಹೇಳಿದ್ದೇ ಕಾಯ್ದೆ, ಬೇಕಾದ್ದು ಮಾಡಬಹುದು, ಕೇಳುವವರಿಲ್ಲ, ಅದಕ್ಕೇ ಬ್ಯಾಂಕು ನಂಬುವುದಿಲ್ಲ.

ಅವನು ಅಧ್ಯಾಪಕರನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಬ್ಯಾಂಕಿನವರದು ಖರೇ ಐತ್ರಿ. ಕೇಳಾವರು ಯಾರೂ ಇಲ್ಲದ ಮನಷ್ಯಾಗ ನಾನೂ ಉದ್ರಿ ಕೊಡೂದಿಲ್ಲ."

ಚಹಾದ ರೊಕ್ಕ ನಾನೇ ಕೊಟ್ಟೆ.

ಜೀವ, ಅಜೀವ

ಇದನ್ನೆಲ್ಲ ಕಾಕೂಗೂ ಹೇಳಿದೆ, ಅವರು ಬಿಡಲಿಲ್ಲ. ನಾಲ್ಕು ಗಂಟೆಯ ಊಟ ಮಾಡಿ ಮಲಗುವ ಹೊತ್ತಿಗೆ ನನ್ನ ಹೊಟ್ಟೆಯೂ ಅವರ ಪರವಾಗಿ ವಾದಿಸತೊಡಗಿತ್ತು. ಒಪ್ಪಿದೆ. ಒಪ್ಪಿದ ಮೇಲೆ ಅವರಿಗೇ ಒಂದು ಸಂಶಯ ಬಂತು.

"ಸರ್, ಒಳಗಿಂದೆಲ್ಲಾ ತಗದು ಬ್ಯಾರೇದು ಹಾಕ್ತೀರಿ. ಆಮ್ಯಾಲ ಅದು ಹಳೇ ಫೋನೋ, ಹೊಸಾ ಫೋನೋ?"

"ಹಳೇದ ರೀ ಕಾಕು. ಗಾಜು ಅದ, ಬ್ಯಾಟರಿ ಅದ, ಮೂಲ್ಯಾಗ ಒಡದದ್ದೂ ಅದ."

"ಅದು ದೇಹಾ ಆತು. ಜೀವಾ?"

"ಫೋನಿಗೆ ಜೀವ ಎಲ್ಲಿಂದ ಬಂತ್ರಿ? ನಿಮ್ಮ ಶಾಸ್ತ್ರದ ಪ್ರಕಾರನೂ ಅದು ಅಜೀವ."

"ಮತ್ತ ಓಣ್ಯಾಗೆಲ್ಲಾ ಜೀವಾ ತುಂಬ್ತೀರಿ ಅಂತ ಹೆಸರ ಮಾಡೀರಲ್ಲ?"

ವಿಚಾರ ಮಾಡಿದರೆ ಕಾಕೂನ ಪ್ರಶ್ನೆ ಸಣ್ಣದಲ್ಲ. ಒಂದು ವಸ್ತುವಿನಲ್ಲಿ ಏನು ಉಳಿದರೆ ಅದು ಅದೇ ವಸ್ತು? ನಾವು ಕ್ಲಾಸಿನಲ್ಲಿ ಇಂಥ ಪ್ರಶ್ನೆ ಬಂದರೆ ಸಿಲಬಸ್ಸಿನಲ್ಲಿಲ್ಲ ಎಂದು ಮುಂದೆ ಹೋಗುತ್ತೇವೆ. ಕಾಕು ಮುಂದೆ ಹೋಗುವವರಲ್ಲ. ಬಸದಿಗೆ ಕಾಗವಾಡ ಕಡೆಯ ಪಂಡಿತರೊಬ್ಬರು ಪ್ರವಚನಕ್ಕೆ ಬಂದಿದ್ದರು. ನನ್ನನ್ನೂ ಕರೆದುಕೊಂಡು ಹೋಗಿ ಕೇಳಿದರು.

ಪಂಡಿತರು ಫೋನನ್ನು ಮುಟ್ಟದೆ ನೋಡಿದರು. "ಮನೀಗೆ ಸುಣ್ಣಾ ಬಳದ್ರ ಹೊಸಾ ಮನಿ ಅಂತಾರೇನವಾ? ಇಲ್ಲ. ನಿನ್ನ ಭಾವದಾಗ ಹಳೇದಿದ್ರ ಹಳೇದ. ಆದ್ರ ಇದು ಹೊಸಾದು ಅಂತ ಯಾರಾರ ಎದಿ ತಟ್ಟಿ ಅಂದ್ರ, ಮನಸಿನಾಗ ಸಂಶೆ ಹುಟ್ಟಿದ್ರ, ಇಟಗೋಬ್ಯಾಡ. ಸಂಶೆ ಇದ್ದಲ್ಲಿ ವ್ರತಾ ಉಳಿಯೂದಿಲ್ಲ."

"ಯಾರೂ ಅನ್ನೂದಿಲ್ರಿ," ಎಂದು ನಾನು ಭರವಸೆ ಕೊಟ್ಟೆ.

ಹೊರಡುವಾಗ ಪಂಡಿತರು ನನ್ನನ್ನು ಪಕ್ಕಕ್ಕೆ ಕರೆದರು. ಮತ್ತೇನೋ ಸೂಕ್ಷ್ಮ ಇರಬೇಕೆಂದು ಕಿವಿ ಕೊಟ್ಟೆ.

"ನಂದೂ ಒಂದ ಹಳೇದು ಐತ್ರಿ ಸರ್. ಭಾಳ ಬಿಸಿ ಆಗತೈತಿ."

ಎದ್ದಿತು

ರವಿವಾರ ಮಧ್ಯಾಹ್ನ ಹಿಡಿದೆ. ಕೊಕಟನೂರಿನ ಪಾಠ ನೆನಪಿತ್ತು. ಕರೆಂಟಿನ ಹಂಗು ಬೇಡವೆಂದು ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿನಿಂದ ಮಾಡಿದೆ. ಆವತ್ತು ಮಾತ್ರ ನಾಲ್ಕಕ್ಕೆ ಊಟ ಬೇಡ, ಗಂಟೆ ಕೇಳಿಯೇ ಕೈ ತೊಳೆಯೋಣ ಎಂದು ಕಾಕು ಸಾರಿಬಿಟ್ಟಿದ್ದರು. ಓಣಿಯೂ ಒಲೆ ತಡವಾಗಿ ಹೊತ್ತಿಸಿತ್ತು. ಸಾಫ್ಟ್‌ವೇರ್ ಇಳಿಯಿತು. ಫೋನು ತಿರುಗುವ ಒಂದು ಚಕ್ರ ತೋರಿಸುತ್ತ ನಿಂತಿತು. ಮೊದಲ ಸಲ ಏಳಲು ತಡವಾಗುತ್ತದೆಂದು ನನಗೆ ಗೊತ್ತು. ಆದರೂ ಸತ್ತ ಮರಿಯೇ ಕಣ್ಣ ಮುಂದೆ ಬರುತ್ತಿತ್ತು.

ಹೊರಗೆ ದಟ್ಟ ಮೋಡ. ಹೊತ್ತು ಎಷ್ಟು ಇಳಿದಿದೆ ತಿಳಿಯದು. ಕಾಕು ಕಟ್ಟೆಯ ಮೇಲೆ, ಮುಂದೆ ಬಡಿಸಿದ ತಾಟು, ತಾಟಿನ ಮೇಲೆ ಮುಚ್ಚಿದ ಬುಟ್ಟಿ. ಎದುರು ಮನೆಯ ವೈನಿ ಬಾಗಿಲಲ್ಲಿ ನಿಂತು ಕೂಗಿದರು. "ಕಾಕು, ಫೋನು ಎದ್ದೈತೇನ್ರಿ? ರೊಟ್ಟಿ ಆರಾಕತ್ತಾವು."

"ಇನ್ನೂ ತಿರಗಾಕತ್ತೈತವಾ."

ನಾನು ನನ್ನ ಫೋನು ತೆಗೆದು ತೋರಿಸಿದೆ. "ಕಾಕು, ಸೂರ್ಯಾಸ್ತಕ್ಕ ಇನ್ನೂ ಭಾಳ ಹೊತ್ತೈತಿ ನೋಡ್ರಿ. ಆರಾಮ ಉಣ್ರಿ."

ಕಾಕು ತಲೆ ಎತ್ತಿಯೂ ನೋಡಲಿಲ್ಲ. "ನಿಮ್ಮ ಫೋನು ಯಾವ ವ್ರತಾ ಹಿಡದೈತ್ರಿ? ಇದು ಇಷ್ಟ ವರ್ಷ ನನ್ನ ಕೂಡ ಹಿಡದೈತಿ."

ಅಷ್ಟರಲ್ಲಿ ಚಕ್ರ ನಿಂತಿತು. ಪರದೆ ಬೆಳಗಿತು. ಯಾವ ಭಾಷೆ ಎಂದು ಕೇಳಿತು. ಗೆದ್ದ ಉಮೇದಿನಲ್ಲಿದ್ದೆ. ಕಾಕು ತಾವೇ ಓದಿಕೊಳ್ಳಲಿ ಎಂದು ಕನ್ನಡ ಆರಿಸಿ ಅವರ ಕೈಗೇ ಕೊಟ್ಟೆ. ನಾನು ಜೀವನದಲ್ಲಿ ಮಾಡಿದ ಕೆಲವೇ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಅದರ ಫಲ ಕೂಡಲೇ ಸಿಕ್ಕಿತು.

ಕಾಕು ಚಷ್ಮಾ ಏರಿಸಿ, ಬೆರಳಿಟ್ಟು, ಓಣಿಗೆಲ್ಲ ಕೇಳುವ ಹಾಗೆ ಓದಿದರು:

"ನಿಮ್ಮ... ಹೊಸ... ಫೋನಿಗೆ... ಸ್ವಾಗತ."

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಕಾಕು, ಅದು ಎಲ್ಲಾರಿಗೂ ಹಂಗ ಅಂತೈತ್ರಿ. ಬರದಿಟ್ಟ ಮಾತದು. ಅದಕ್ಕೇನ್ ತಿಳೀತೈತಿ?"

"ಹಂಗಾರ ಸುಳ್ಳು ಹೇಳತೈತೇನು?"

ಹೌದೆಂದರೆ ಸುಳ್ಳು ಹೇಳುವ ಫೋನು, ಅಲ್ಲವೆಂದರೆ ಹೊಸ ಫೋನು. ಎರಡೂ ಕಾಕೂನ ಮನೆಯಲ್ಲಿ ಇರುವಂಥವಲ್ಲ.

ಕಾಕು ಫೋನಿನ ಒಡೆದ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಇಟ್ಟರು.

"ತಗೋರಿ. ದಾನಾ ಕೊಟ್ಟೀನಿ. ಇವತ್ತಿಂದ ನಿಮ್ಮದು."

"ಮತ್ತ ನಿಮ್ಮ ಗಂಟಿ?"

"ಮೈ ಹಳೇದ ಐತಲ್ಲ, ಗಂಟಿ ನಡೀತೈತಿ. ಅದು ಮಾಳಿಗಿ ಮ್ಯಾಲ ಬಾರಸ್ಲಿ. ನನಗ ಅಲ್ಲೀದು ಕೇಳೂದಿಲ್ಲ, ನೀವು ಒದರ್ರಿ."

ಇಟ್ಟುಕೊಳ್ಳಲು ಹೊಸದು, ಬಾರಿಸಲು ಹಳೆಯದು. ಇಂಥ ತರ್ಕ ನಮ್ಮ ಪಠ್ಯದಲ್ಲಿಲ್ಲ, ಆದರೆ ಅದರಲ್ಲಿ ತಪ್ಪು ಎಲ್ಲಿದೆ ಎಂದು ಇವತ್ತಿಗೂ ನನಗೆ ಹುಡುಕಲು ಆಗಿಲ್ಲ. ಆ್ಯಪ್ ಹಾಕಿದೆ, ಹೊತ್ತು ಇನ್ನೂ ಉಳಿದಿದೆ ಎಂದು ಅದು ತೋರಿಸಿತು. ಕಾಕು ಬುಟ್ಟಿ ಸರಿಸಿ ಉಂಡರು. ಓಣಿ ಉಂಡಿತು. ಢಣ್ ಎಂದಿತು. ನಾನು ಮಾಳಿಗೆಯ ಅಂಚಿಗೆ ಬಂದು ಒದರಿದೆ. "ಕಾಕೂ, ಹೊತ್ತಾತ್ರೀ!"

ಆವತ್ತಿನಿಂದ ಇದು ನನ್ನ ಎರಡನೆಯ ನೌಕರಿ. ಸಂಜೆ ಎಲ್ಲಿದ್ದರೂ ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು. ಮೀಟಿಂಗಿನಿಂದ ಮೊದಲೇ ಏಳುತ್ತೇನೆ. ಕಾರಣ ಕೇಳಿದರೆ ಫೋನು ಹ್ಯಾಂಗ್ ಆಗಿದೆ ಅನ್ನುತ್ತೇನೆ. ಗೌಡರಿಂದ ಕಲಿತದ್ದು. ನಾಲ್ಕು ಗಂಟೆಯ ಊಟ ತಪ್ಪಿತು, ಅದೊಂದೇ ಲಾಭ.

ಮೊನ್ನೆ ಹೀಗೇ ಒದರಿ ಒಳಗೆ ಹೋಗುತ್ತಿದ್ದೆ. ಕೆಳಗೆ ವೈನಿ ಕಾಕುವನ್ನು ಕೇಳುವುದು ಕಿವಿಗೆ ಬಿತ್ತು.

"ಅಲ್ರೀ ಕಾಕು, ಈ ಸರ್ ದೇವ್ರೂ ಇಲ್ಲ, ವ್ರತಾನೂ ಇಲ್ಲ ಅಂತ ಊರ ತುಂಬ ಹೇಳಕೋತ ಅಡ್ಡಾಡ್ತಾರ. ಮತ್ತ ದಿನಾ ಹೊತ್ತ ತಪ್ಪದಂಗ ಒದರ್ತಾರಲ್ಲ, ಇವರಿಗೇನ್ ನಂಬಿಕಿ ಐತೋ ಇಲ್ಲೋ?"

ಕಾಕು ಬಾಯಿ ಮುಕ್ಕಳಿಸಿ ಉಗುಳಿ, ನಿಧಾನಕ್ಕೆ ಹೇಳಿದರು.

"ನಂಬಿಕಿ ಯಾಕ ಬೇಕವಾ? ಕೋಳಿ ಏನ್ ದೇವ್ರನ್ನ ನಂಬಿ ಕೂಗತೈತೇನು?"