ದೊಡ್ಡಮ್ಮನ ಕಾಲರ್ ಟ್ಯೂನ್

ನಮ್ಮ ದೊಡ್ಡಮ್ಮನಿಗೆ ಫೋನ್ ಮಾಡುವ ಮೊದಲು ಪಕ್ಕದಲ್ಲಿ ಹಿರಿಯರು ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳಬೇಕಿತ್ತು. ಅವಳು ಬೈಯುತ್ತಾಳೆ ಎಂದಲ್ಲ. ಬೈಯುತ್ತಿದ್ದಳು, ಅದು ಬೇರೆ ವಿಷಯ. ಅಪಾಯವಿದ್ದದ್ದು ಅವಳು ಫೋನ್ ಎತ್ತುವ ಮುಂಚೆ!

ಜಕ್ಕೂರಿನ ಹಳೇ ಊರಿನ ಬೀದಿಗಳಲ್ಲಿ ದೊಡ್ಡಮ್ಮ ಎಂದರೆ ಭಜನೆ, ಭಜನೆ ಎಂದರೆ ದೊಡ್ಡಮ್ಮ. ಶನಿವಾರ ಸಂಜೆ ಅವಳ ಮನೆಯ ಜಗಲಿಯ ಮೇಲೆ ಮಂಡಳಿಯ ಹೆಂಗಸರೆಲ್ಲ ಸೇರುತ್ತಿದ್ದರು. ತಾಳ ತಪ್ಪಿದವರನ್ನು ಅವಳು ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಆ ನೋಟಕ್ಕಿಂತ ಬೈಗುಳವೇ ವಾಸಿ ಎಂದು ತಾಳ ತಪ್ಪಿದವರು ಹೇಳುತ್ತಿದ್ದರು. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಗುಂಯ್ ಎಂದು ತಲೆಯ ಮೇಲೆ ಹಾದುಹೋದರೆ ಹಾಡು ನಿಲ್ಲಿಸುತ್ತಿದ್ದಳು. ಅದು ಕೆರೆ ದಾಟುವ ತನಕ ದುರುಗುಟ್ಟಿ ನೋಡಿ, ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಿದ್ದಳು. ಪೈಲಟ್ಟಿಗೆ ಆ ನೋಟ ತಲುಪಿದ್ದರೆ ವಿಮಾನ ಕಲಿಯುವುದನ್ನೇ ಬಿಟ್ಟು ಮನೆಗೆ ಹೋಗುತ್ತಿದ್ದನೇನೋ. ಇನ್ನು ಸಿನಿಮಾ ಹಾಡಂತೂ ಆ ಮನೆಯ ಹೊಸಿಲು ದಾಟುವಂತಿರಲಿಲ್ಲ. ಊಟಕ್ಕೆ ಕೂತಾಗ ನಾನೊಮ್ಮೆ ಯಾವುದೋ ಹಾಡು ಗುನುಗಿದ್ದಕ್ಕೆ ಬಡಿಸಬೇಕಾಗಿದ್ದ ಎರಡನೇ ಮುದ್ದೆ ವಾಪಸ್ ಪಾತ್ರೆಗೆ ಹೋಗಿತ್ತು.

ಇಂಥವಳ ನಂಬರಿಗೆ ಫೋನ್ ಮಾಡಿದರೆ ಏನು ಕೇಳಿಸುತ್ತಿತ್ತು ಗೊತ್ತೇ? ಆ ಹಾಡಿನ ಸಾಲು ಹೇಳುವ ಧೈರ್ಯ ಇವತ್ತಿಗೂ ನನಗಿಲ್ಲ. ಸಾರಾಂಶ ಹೇಳಬಲ್ಲೆ. ಒಬ್ಬ ಲಾರಿ ಡ್ರೈವರ್ ಒಬ್ಬ ಹುಡುಗಿಯ ನಡಿಗೆ ನೋಡಿ ಬ್ರೇಕ್ ಹಾಕುವುದನ್ನು ಮರೆಯುತ್ತಾನೆ. ಆಮೇಲೆ ಅವಳ ಅಂಗಾಂಗಗಳಿಗೆಲ್ಲ ಲಾರಿಯ ಬಿಡಿಭಾಗಗಳ ಹೆಸರಿಡುತ್ತಾ ಹೋಗುತ್ತಾನೆ. ನಡುನಡುವೆ ಯಾರೋ ಶಿಳ್ಳೆ ಹಾಕುತ್ತಾರೆ. ಹಿಂದೆ ತಮಟೆಯೆಂದರೆ ತಮಟೆ, ಫೋನೇ ಕೈಯಲ್ಲಿ ಕುಣಿಯುವಷ್ಟು!

ಅದು ಎಲ್ಲರ ಫೋನಿನಲ್ಲೂ ಕಾಲರ್ ಟ್ಯೂನ್ ಹಾಡುತ್ತಿದ್ದ ಕಾಲ. ಯಾರಿಗಾದರೂ ಫೋನ್ ಮಾಡಿದಾಗ ಕೇಳಿದ ಹಾಡು ಹಿಡಿಸಿದರೆ ಸ್ಟಾರ್ ಒತ್ತಿದರಾಯಿತು, ಅದು ನಮ್ಮದಾಗುತ್ತಿತ್ತು. ದೊಡ್ಡಮ್ಮ ದೇವರಿಗೆ ಹಾರ ಹೇಳಲು ಹೂವಿನವನಿಗೆ ಫೋನ್ ಮಾಡಿದ್ದಳಂತೆ. ಅವನದು ಈ ಲಾರಿ ಹಾಡು. ಕಿವಿಯಿಂದ ಫೋನ್ ತೆಗೆಯುವಾಗ ಬೆರಳು ತಾಗಿ ಸ್ಟಾರ್ ಒತ್ತಿಹೋಯಿತು ಎಂಬುದು ಅವಳ ವಾದ. ತೆಗೆಸಿಕೊಡುತ್ತೇನೆ ಎಂದು ನಾನು ಎಷ್ಟೋ ಸಲ ಹೇಳಿದೆ. ಒಮ್ಮೆ ಒಲೆಯ ಮೇಲೆ ಸಾರಿದೆ ಎಂದಳು, ಇನ್ನೊಮ್ಮೆ ಇವತ್ತು ಅಮಾವಾಸ್ಯೆ ಎಂದಳು. ಕಾಲರ್ ಟ್ಯೂನಿಗೂ ಅಮಾವಾಸ್ಯೆಗೂ ಏನು ಸಂಬಂಧ ಎಂದು ಕೇಳುವಷ್ಟು ಧೈರ್ಯ ನನಗೆಲ್ಲಿಂದ ಬರಬೇಕು?

ನಾನಾಗ ಬ್ಯಾಟರಾಯನಪುರದಲ್ಲಿ ಬಾಡಿಗೆಗಿದ್ದೆ. ಸಂಜೆ ಪಾಳಿಯ ಕೆಲಸ, ಮಧ್ಯಾಹ್ನದ ಊಟ ದೊಡ್ಡಮ್ಮನ ಮನೆಯಲ್ಲಿ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳ ಫೋನ್ ಕಳೆದುಹೋಗುತ್ತಿತ್ತು. "ಎಲ್ಲಿಟ್ನೋ ಕಾಣೆ, ನಿನ್ ಫೋನ್ ಕೊಡು, ರಿಂಗ್ ಕೊಟ್ಟು ನೋಡ್ತೀನಿ" ಎಂದು ನನ್ನ ಫೋನ್ ಇಸಿದುಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಕಳೆದ ಫೋನ್ ಹುಡುಕುವವರು ಅದರ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಡುತ್ತಾರಲ್ಲವೇ? ದೊಡ್ಡಮ್ಮ ಮಾತ್ರ ನನ್ನ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣುಮುಚ್ಚಿ ನಿಲ್ಲುತ್ತಿದ್ದಳು. ಅವಳ ಫೋನ್ ಅವಳದೇ ಸೊಂಟದಲ್ಲಿ ಬಡಿದುಕೊಳ್ಳುತ್ತಿರುತ್ತಿತ್ತು!

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ದಿನಾ ಊಟದ ಹೊತ್ತಿಗೆ ಮುಂಚೆ ಅವಳಿಗೊಂದು ಕರೆ ಬರುತ್ತಿತ್ತು. ಅವಳು ಎತ್ತುತ್ತಿರಲಿಲ್ಲ, ನಮ್ಮನ್ನೂ ಎತ್ತಲು ಬಿಡುತ್ತಿರಲಿಲ್ಲ. ಪೂರ್ತಿ ಹೊಡೆದುಕೊಂಡು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಯಾರದು ಎಂದರೆ ರಾಂಗ್ ನಂಬರ್ ಎನ್ನುತ್ತಿದ್ದಳು. ದಿನಾ ಅದೇ ಹೊತ್ತಿಗೆ ತಪ್ಪದೆ ಬರುವ ರಾಂಗ್ ನಂಬರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ದೊಡ್ಡಪ್ಪನನ್ನು ಕೇಳೋಣವೆಂದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಯಲಹಂಕದ ಒಂದು ಕಾರ್ಖಾನೆಯಲ್ಲಿ, ದೊಡ್ಡ ಸುತ್ತಿಗೆಗಳು ಕಬ್ಬಿಣ ಬಡಿಯುವ ಕಡೆ ಆಯಸ್ಸೆಲ್ಲ ದುಡಿದು ನಿವೃತ್ತರಾದವರು. ಯಾರು ಏನು ಹೇಳಿದರೂ "ಆಗ್ಲಿ ಬಿಡಪ್ಪ" ಎಂದು ನಗುತ್ತಿದ್ದರು. ಊಟದ ಹೊತ್ತಿನ ತನಕ ಕೆರೆ ಏರಿಯ ಮೇಲಿನ ಕಲ್ಲುಬೆಂಚೇ ಅವರ ಆಫೀಸು. ಕೇಳಿಸದ ಮನುಷ್ಯನ ಜೇಬಿನಲ್ಲೂ ಒಂದು ಫೋನ್ ಇತ್ತು. ಅದು ಯಾಕೆ ಎಂದು ಮನೆಯವರೆಲ್ಲ ತಮಾಷೆ ಮಾಡಿದರೂ ದೊಡ್ಡಮ್ಮ ಇರಲಿ ಎಂದು ಹಟ ಮಾಡಿ ಕೊಡಿಸಿದ್ದಳು.

ಹೀಗಿರುವಾಗ ಊರ ದೇವಸ್ಥಾನದ ಜೀರ್ಣೋದ್ಧಾರ ಮುಗಿದು ಪ್ರತಿಷ್ಠಾಪನೆಯ ದಿನ ಗೊತ್ತಾಯಿತು. ದೊಡ್ಡಮ್ಮನ ಮಂಡಳಿಯದೇ ಭಜನೆ. ಅಚ್ಚಾಗಲಿದ್ದ ಆಹ್ವಾನ ಪತ್ರಿಕೆಯಲ್ಲಿ ಅವಳ ಹೆಸರು, ಕೆಳಗೆ ಫೋನ್ ನಂಬರು. ಇಷ್ಟು ವರ್ಷ ಹಾಡಿದರೂ ಅಚ್ಚಿನಲ್ಲಿ ಅವಳ ಹೆಸರು ಬಂದಿರಲಿಲ್ಲ. ಅವಳ ಮದುವೆಯ ಪತ್ರಿಕೆಯಲ್ಲೂ ಪ್ರೆಸ್ಸಿನವನು ತಪ್ಪು ಹೆಸರು ಹಾಕಿದ್ದನಂತೆ. ಬಂದವರಿಗೆಲ್ಲ ಕಾಫಿ ಕೊಡುತ್ತಾ, ಮಾತಿನ ಮಧ್ಯೆ ಹೇಗೋ ಪತ್ರಿಕೆಯ ವಿಷಯ ತಂದು ಕೂರಿಸುತ್ತಿದ್ದಳು. ಆ ಪತ್ರಿಕೆಗೆ ಕಟ್ಟು ಹಾಕಿಸಿ ನೇತುಹಾಕಲು ಗೋಡೆಯ ಮೇಲೆ ಮೊಳೆಯೂ ಸಿದ್ಧವಾಗಿತ್ತು.

ಸಮಿತಿಯ ಅಧ್ಯಕ್ಷರು ಹಳೇ ಜಮೀನ್ದಾರಿ ಮನೆತನದವರು, ಈಗ ಅಪಾರ್ಟ್‌ಮೆಂಟ್ ಕಟ್ಟಿಸುವವರು. ನಂಬರು ಸರಿಯಿದೆಯೇ ನೋಡೋಣ ಎಂದು ದೇವಸ್ಥಾನದಲ್ಲೇ ಸೇರಿದ್ದ ಸಭೆಯ ಮಧ್ಯದಲ್ಲಿ ಸ್ಪೀಕರ್ ಹಾಕಿ ಫೋನ್ ಮಾಡಿದರು. ಲಾರಿ ಗರ್ಭಗುಡಿಯ ಮುಂದೆಯೇ ಬಂದು ನಿಂತಿತು! ಅರ್ಚಕರು ಕಣ್ಣು ಮುಚ್ಚಿಕೊಂಡರಂತೆ. ಅವರ ಕಾಲಿನ ಹೆಬ್ಬೆರಳು ಮಾತ್ರ ತಾಳ ಹಾಕುತ್ತಿತ್ತು ಎಂದು ಪಕ್ಕದಲ್ಲಿ ಕೂತಿದ್ದವರು ಆಮೇಲೆ ಹೇಳಿದರು.

ಅಧ್ಯಕ್ಷರು ಮನೆಗೇ ಬಂದರು. ಭಕ್ತಾದಿಗಳು ಫೋನ್ ಮಾಡುತ್ತಾರೆ, ಆ ಹಾಡು ಇದ್ದರೆ ಪತ್ರಿಕೆಯಲ್ಲಿ ನಂಬರು ಹಾಕುವುದು ಕಷ್ಟ ಎಂದು ತಲೆ ತಗ್ಗಿಸಿಕೊಂಡು ಹೇಳಿದರು. ದೊಡ್ಡಮ್ಮ ಗೋಡೆಯ ಮೊಳೆಯನ್ನು ನೋಡಿದಳು. ಅವರು ಹೋದ ಮೇಲೆ ಫೋನನ್ನು ನನ್ನ ಕೈಗಿಟ್ಟು "ತೆಗೆದಾಕು" ಎಂದಳು. ನಾನು ಕಸ್ಟಮರ್ ಕೇರಿಗೆ ಫೋನ್ ಮಾಡಿ ತೆಗೆಸಿದೆ. ಟ್ರಿಣ್ ಟ್ರಿಣ್ ಎಂಬ ಸಭ್ಯ ಸದ್ದು ಬಂತು.

ಮೊದಲ ಪೆಟ್ಟು ಬಿದ್ದದ್ದು ಮಂಡಳಿಗೆ. ಅದುವರೆಗೆ ಹೆಂಗಸರು ಹೊತ್ತು ಗೊತ್ತಿಲ್ಲದೆ ದೊಡ್ಡಮ್ಮನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಇವರಿಗೇನು ಕೆಲಸವಿಲ್ಲವೇ ಎಂದು ಅವಳು ಗೊಣಗುತ್ತಿದ್ದಳು. ಹಾಡು ಹೋದ ಮೇಲೆ ಒಂದು ಮಿಸ್ಡ್ ಕಾಲೂ ಇಲ್ಲ! ಮಂಡಳಿಯಲ್ಲಿ ಎಲ್ಲರಿಗಿಂತ ಮಡಿವಂತೆಯಾದ ಮೂಲೆಮನೆ ಅತ್ತೆ ಬೀದಿಯಲ್ಲಿ ನನ್ನನ್ನು ತಡೆದು, ಫೋನ್ ಏನಾದರೂ ಕೆಟ್ಟಿದೆಯೇ ಎಂದು ಕೇಳಿದರು. ಇಲ್ಲವೆಂದೆ. "ಅಲ್ಲ, ಮೊದ್ಲು ಚೆನ್ನಾಗಿತ್ತು" ಎಂದು ಸೆರಗು ಹೊದ್ದು ಸರಸರ ನಡೆದುಬಿಟ್ಟರು.

ಹಾಡು ತೆಗೆಸಿದ ಮರುದಿನವೇ ಊಟದ ಹೊತ್ತಿಗೆ ಮುಂಚೆ ಆ ರಾಂಗ್ ನಂಬರ್ ಬಂತು. ಒಂದೆರಡು ಸಲ ಹೊಡೆದು ನಿಂತಿತು. ಮತ್ತೆ ಬಂತು, ನಿಂತಿತು. ದೊಡ್ಡಮ್ಮ ತಿರುವುತ್ತಿದ್ದ ಮುದ್ದೆಕೋಲು ಬಿಟ್ಟು ಬಾಗಿಲಿಗೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಏದುಸಿರು ಬಿಡುತ್ತಾ ಕೆರೆಯ ಕಡೆಯಿಂದ ಓಡೋಡಿ ಬಂದರು. ಕಾಲಲ್ಲಿ ಒಂದೇ ಚಪ್ಪಲಿ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕೈಯಲ್ಲಿದ್ದ ಫೋನ್ ತೋರಿಸಿ, ತಮ್ಮ ಎಂದಿನ ದೊಡ್ಡ ದನಿಯಲ್ಲಿ, "ಏನೂ ಕೇಳಿಸ್ಲಿಲ್ಲ. ನಿಂಗೇನೋ ಆಯ್ತು ಅಂದ್ಕೊಂಡೆ" ಎಂದರು.

ಆಗ ನನ್ನ ಮಂಕುಬುದ್ಧಿಗೆ ಹೊಳೆಯಿತು. ಕಾಲರ್ ಟ್ಯೂನ್ ಇಟ್ಟುಕೊಂಡವರಿಗೆ ಅದು ಕೇಳಿಸುವುದೇ ಇಲ್ಲ. ಕೇಳಿಸುವುದು ಫೋನ್ ಮಾಡಿದವರಿಗೆ.

ದೊಡ್ಡಪ್ಪ ಕೈಕಾಲು ತೊಳೆಯಲು ಹೋದಾಗ ದೊಡ್ಡಮ್ಮ ಮೆಲ್ಲಗೆ ಹೇಳಿದಳು: "ಮದ್ವೆ ಆದಾಗಿಂದ ಪದ ಏಳ್ತಾ ಇದ್ದೀನಿ ಕಣ್ಲಾ. ಆ ಸುತ್ತಿಗೆ ಸದ್ದು ಅವರ ಕಿವಿ ತಿಂದಾಕ್ತು. ಈಗ ನಾನ್ ಏಳೋದು ಒಂದೂ ಕೇಳ್ಸಲ್ಲ. ಆ ತಮಟೆ ಒಂದ್ ಕೇಳಿಸ್ತದೆ. 'ನಿನ್ ಫೋನಿಂದ ಬರೋದಲ್ವಾ, ನೀನೇ ಏಳ್ದಂಗೆ ಇರ್ತದೆ' ಅಂತಾರೆ ನಂಗೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ, ಹಾಗಾದರೆ ಫೋನ್ ಕಳೆದುಹೋಯಿತೆಂದು ನನ್ನ ಫೋನ್ ಇಸಿದುಕೊಳ್ಳುತ್ತಿದ್ದದ್ದು ಯಾಕೆ ಎಂದು ಕೇಳಿದೆ.

"ನಂಗೂ ಇಷ್ಟ" ಎಂದಳು ದೊಡ್ಡಮ್ಮ. "ಯಾರ್ಗೂ ಏಳ್ಬೇಡ. ಮತ್ತೆ ಆಕ್ಸು."

ಅಧ್ಯಕ್ಷರಿಗೆ ಅವಳೇ ಹೇಳಿ ಕಳಿಸಿದಳು: ಫೋನಿನಲ್ಲಿ ಆ ಪದ ಇರುತ್ತದೆ, ಪತ್ರಿಕೆಯಲ್ಲಿ ನನ್ನ ಹೆಸರು ಬೇಡ. ಮೂಲೆಮನೆ ಅತ್ತೆಯ ಹೆಸರು, ಅವರ ನಂಬರು ಅಚ್ಚಾಯಿತು. ಮೊಳೆಗೆ ದೊಡ್ಡಮ್ಮ ಕ್ಯಾಲೆಂಡರ್ ನೇತುಹಾಕಿದಳು.

ಪ್ರತಿಷ್ಠಾಪನೆಯ ದಿನ ಮಂಡಳಿಯ ಸರದಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ವೇದಿಕೆ ಹತ್ತುವ ಮುಂಚೆ ದೊಡ್ಡಮ್ಮ ಫೋನ್ ಕೊಟ್ಟು, ಸದ್ದು ಬರದ ಹಾಗೆ ಮಾಡು, ಆರಿಸಬೇಡ ಎಂದು ಹೇಳಿ, ವಾಪಸ್ ಪಡೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಾಡು ಶುರುವಾಯಿತು. ಚಪ್ಪರದ ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಜನರೆಲ್ಲ ತಲೆದೂಗುವಾಗ ತಾವೂ ತೂಗುತ್ತಿದ್ದರು, ಕೊಂಚ ತಡವಾಗಿ. ಆಮೇಲೆ ಜೇಬಿನಿಂದ ಫೋನ್ ತೆಗೆದು ಒತ್ತಿ ಕಿವಿಗಿಟ್ಟುಕೊಂಡರು.

ದೊಡ್ಡಮ್ಮನ ಸೊಂಟದಲ್ಲಿ ಫೋನ್ ಗುರ್ ಎಂದು ನಡುಗಿದ್ದು ನನಗೆ ಕಂಡಿತು. ಅವಳು ಅದನ್ನು ಮುಟ್ಟಲಿಲ್ಲ. ದೊಡ್ಡಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದರು, ಮಂಡಿ ಕುಣಿಯುತ್ತಿತ್ತು. ಅವಳು ಅವರ ಮಂಡಿಯನ್ನು ನೋಡಿ ತಾಳದ ವೇಗ ಏರಿಸಿದಳು. ಮಂಡಳಿಯ ಹೆಂಗಸರು ಗಾಬರಿಯಿಂದ ಮುಖ ಮುಖ ನೋಡಿಕೊಂಡು ಅವಳ ಹಿಂದೆಯೇ ಓಡಿದರು. ಊರಿಗೆಲ್ಲ ದೊಡ್ಡಮ್ಮ ಅಂದು ದೇವರ ಪದ ಹಾಡಿದಳು. ದೊಡ್ಡಪ್ಪನೊಬ್ಬರಿಗೆ ಲಾರಿಯ ಪದ ಹಾಡಿದಳು. ರಿಂಗ್ ಮುಗಿದುಹೋದಾಗ ಅವರು ಫೋನನ್ನು ಕಣ್ಣ ಹತ್ತಿರ ಹಿಡಿದು ಮತ್ತೆ ಒತ್ತಿದರು.