ಸೀನಿಯಾರಿಟಿಯಲ್ಲಿ ಕೊನೆಯವ

ತಂಡದ ನಾಲ್ವರ ಹೆಸರನ್ನು ಸೀನಿಯಾರಿಟಿ ಪ್ರಕಾರ ಬರೆದದ್ದೇ ಎಲ್ಲ ಫಜೀತಿಗೆ ಮೂಲವಾಯಿತು.

ಗಡಿನಾಡಿನ ವಿದ್ಯಾನಗರದ ಆ ಸರಕಾರಿ ಕಚೇರಿಯಲ್ಲಿ ಸೀನಿಯಾರಿಟಿ ಬಿಟ್ಟು ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಚಹಾ ಬಂದರೆ ಮೊದಲ ಲೋಟ ಅಧಿಕಾರಿ ಕೃಷ್ಣಕುಮಾರರಿಗೆ, ಆಮೇಲಿನದು ಸೂಪರಿಂಟೆಂಡೆಂಟ್ ಪ್ರೇಮಾವತಿಯವರಿಗೆ, ಅದರ ನಂತರದ್ದು ಹೆಡ್ ಕ್ಲಾರ್ಕ್ ಗ್ಲ್ಯಾಡ್‌ಸನ್‌ಗೆ, ತಳದಲ್ಲಿ ಉಳಿದ ಗಸಿ ಕ್ಲಾರ್ಕ್ ಲೋಕನಾಥನಿಗೆ. ನೌಕರರ ಕ್ರೀಡಾಕೂಟದಲ್ಲಿ ಆ ವರ್ಷ ಲಾನ್ ಬೌಲ್ಸ್ ಎಂಬ ಹೊಸ ಆಟ ಸೇರಿಸಿದ್ದರು. ನಾಲ್ಕು ಜನ ಸಾಕು, ಓಡಬೇಕಿಲ್ಲ, ಹಾರಬೇಕಿಲ್ಲ, ಹುಲ್ಲಿನ ಮೇಲೆ ಚೆಂಡು ಉರುಳಿಸಿದರೆ ಆಯಿತು ಎಂದು ತಿಳಿದದ್ದೇ ಕೃಷ್ಣಕುಮಾರರು ಕಚೇರಿಯ ಪರವಾಗಿ ಹೆಸರು ಕೊಟ್ಟರು. ಯಾರು ಮೊದಲು ಆಡುವುದು, ಯಾರು ಕೊನೆಗೆ ಎಂದು ಗ್ಲ್ಯಾಡ್‌ಸನ್ ಯಾರನ್ನೂ ಕೇಳಲಿಲ್ಲ. ಚಹಾದ ಕ್ರಮದಲ್ಲಿಯೇ ಬರೆದು ಕಳಿಸಿದ.

ಆದಿತ್ಯವಾರ ಬೆಳಿಗ್ಗೆ ಹೊಸ ಕಲ್ಯಾಣಮಂಟಪದ ಹುಲ್ಲುಹಾಸಿನಲ್ಲಿ ಪಂದ್ಯ. ತೀರ್ಪುಗಾರರು ಹೊಸಂಗಡಿಯ ಝೇವಿಯರ್. ಕೊಲ್ಕತ್ತಾದ ಯಾವುದೋ ಕ್ಲಬ್ಬಿನಲ್ಲಿ ಮ್ಯಾನೇಜರ್ ಆಗಿದ್ದು, ಊರಿಗೆ ಮರಳುವಾಗ ಈ ಆಟವನ್ನು ಚೆಂಡುಗಳ ಸಮೇತ ಹೊತ್ತು ತಂದವರು. ತನ್ನಷ್ಟು ನಿಯಮ ಬಲ್ಲವರು ಇತ್ತ ಮಂಗಳೂರು ಅತ್ತ ಕಣ್ಣೂರಿನವರೆಗೆ ಹುಡುಕಿದರೂ ಸಿಗುವುದಿಲ್ಲ ಎಂಬ ಹೆಮ್ಮೆ ಅವರ ಬಿಳಿ ಟೊಪ್ಪಿಯಲ್ಲೇ ಕಾಣುತ್ತಿತ್ತು.

"ಮೊದಲು ಆಡುವವ ಲೀಡ್," ಎಂದು ಝೇವಿಯರ್ ಶುರು ಮಾಡಿದರು. "ಅವ ಚಾಪೆ ಹಾಸ್ಬೇಕು. ಈ ಬಿಳಿ ಪುಟ್ಟ ಚೆಂಡು ಉಂಟಲ್ಲ, ಜಾಕ್, ಇದನ್ನು ಆಚೆ ತುದಿಗೆ ಉರುಳಿಸ್ಬೇಕು. ಆಮೇಲೆ ಎಲ್ಲರೂ ತಮ್ಮ ದೊಡ್ಡ ಚೆಂಡನ್ನು ಇದರ ಹತ್ತಿರ ತಲುಪಿಸ್ಲಿಕ್ಕೆ ನೋಡುವುದು. ಎದುರಿನವರ ಚೆಂಡಿಗಿಂತ ಹತ್ತಿರ ನಿಂತ ಒಂದೊಂದು ಚೆಂಡಿಗೂ ಒಂದು ಪಾಯಿಂಟ್. ಎರಡನೆಯವರು ಅದನ್ನು ಬರೀಬೇಕು. ಮೂರನೆಯವ ಟೇಪು ಹಿಡಿದು ಅಳೀಬೇಕು. ಕೊನೆಗೆ ಆಡುವವ ಸ್ಕಿಪ್. ಅವನೇ ಯಜಮಾನ. ಜಾಕಿನ ಹತ್ತಿರ ನಿಂತು ಉಳಿದ ಮೂವರಿಗೂ ಆರ್ಡರ್ ಮಾಡುವುದು ಅವನ ಕೆಲಸ."

ಅವರು ಚೀಟಿ ನೋಡಿದರು. "ನಿಮ್ಮಲ್ಲಿ ಲೀಡ್ ಕೃಷ್ಣಕುಮಾರ್. ಸ್ಕಿಪ್ ಲೋಕನಾಥ."

ಲೋಕನಾಥ ಒಂದು ಹೆಜ್ಜೆ ಹಿಂದೆ ಸರಿದ. ಗ್ಲ್ಯಾಡ್‌ಸನ್ ಮುಖ ಬಿಳಿಚಿಕೊಂಡು, "ಇದನ್ನು ಸ್ವಲ್ಪ ಚೇಂಜ್ ಮಾಡ್ಲಿಕ್ಕೆ ಆಗ್ತದಾ?" ಎಂದ.

"ಹೆಸರು ಕೊಟ್ಟಾಯ್ತಲ್ಲ ಮಾರಾಯ. ಇನ್ನು ಬದಲಿಸ್ಲಿಕ್ಕೆ ನಿಯಮ ಇಲ್ಲ."

"ಇರ್ಲಿ, ಆಟವೇ ಅಲ್ವಾ," ಎಂದು ಕೃಷ್ಣಕುಮಾರರು ನಕ್ಕರು. ಅವರು ನಕ್ಕ ಮರುದಿನ ಕಚೇರಿಯಲ್ಲಿ ಯಾರಿಗಾದರೂ ಮೆಮೋ ಸಿಗುವುದು ವಾಡಿಕೆ. "ಆದರೆ ಲೋಕನಾಥ, ಎದುರು ಕಚೇರಿಯವರ ಕೈಯಲ್ಲಿ ಮಾತ್ರ ಸೋಲ್ಲಿಕ್ಕಿಲ್ಲ. ಸೋತರೆ ಯಜಮಾನನೇ ಹೊಣೆ."

ಲೋಕನಾಥನ ಹೆದರಿಕೆಗೆ ಕಾರಣ ಇಲ್ಲದೆ ಇರಲಿಲ್ಲ. ಇಡುಕ್ಕಿಯ ಬೆಟ್ಟದ ಮೇಲಿನ ಒಂದು ಕಚೇರಿಗೆ ಇಲ್ಲಿಂದ ಒಬ್ಬ ಕ್ಲಾರ್ಕನನ್ನು ಕಳಿಸಬೇಕಿತ್ತು. ಯಾರನ್ನು ಎಂದು ಕೃಷ್ಣಕುಮಾರರು ನಾಳೆ ಹೇಳುವವರಿದ್ದರು. ಲೋಕನಾಥ ವರ್ಷಗಟ್ಟಲೆ ತಿರುವನಂತಪುರದ ಕಡೆ ಒದ್ದಾಡಿ ಮೊನ್ನೆ ಮೊನ್ನೆಯಷ್ಟೇ ಊರಿಗೆ ಬಂದವನು. ಹೆಂಡತಿ ನಮಿತಾ ಬದಿಯಡ್ಕದಲ್ಲಿ ಟೀಚರ್. ಪುಟ್ಟ ಮಗಳು ಮೊದಮೊದಲು ಅಪ್ಪನನ್ನು ಕಂಡರೆ ಅಪರಿಚಿತನನ್ನು ಕಂಡಂತೆ ಕಿರುಚಿ ಅಳುತ್ತಿದ್ದಳು. ಈ ವಾರವಷ್ಟೇ ಅಳು ನಿಲ್ಲಿಸಿ ಅವನ ಮಡಿಲಲ್ಲಿ ಕೂತಿದ್ದಳು. ಮತ್ತೆ ದೂರ ಹೋದರೆ ಅವಳು ಪುನಃ ಅವನನ್ನು ಮರೆಯುವುದು ಖಂಡಿತ.

ಪಂದ್ಯ ಶುರುವಾಯಿತು. ಕೃಷ್ಣಕುಮಾರರು ಚಾಪೆಯನ್ನು ಸತ್ತ ಹಾವಿನ ಹಾಗೆ ದೂರ ಹಿಡಿದುಕೊಂಡು ನಿಂತರು. ಆಚೆ ತುದಿಯಲ್ಲಿದ್ದ ಲೋಕನಾಥನಿಗೆ ಆ ದೃಶ್ಯ ನೋಡಲಾಗಲಿಲ್ಲ. ಹುಲ್ಲುಹಾಸಿನ ಉದ್ದಕ್ಕೂ ಓಡಿ ಬಂದು, "ಕೊಡಿ ಸರ್, ನಾನು ಹಾಸ್ತೇನೆ," ಎಂದು ಮಂಡಿಯೂರಿದ.

"ಯಜಮಾನ ಚಾಪೆ ಹಾಸ್ಲಿಕ್ಕಿಲ್ಲ!" ಎಂದು ಝೇವಿಯರ್ ಗದರಿದರು. "ನಿಮ್ಮ ಜಾಗಕ್ಕೆ ಹೋಗಿ."

ಇಡೀ ಕ್ರೀಡಾಕೂಟ ನೋಡುತ್ತಿದ್ದಂತೆ ಅಧಿಕಾರಿಗಳು ಬಗ್ಗಿ ಚಾಪೆ ಹಾಸಿದರು. ಅವರ ಕುತ್ತಿಗೆ ಕೆಂಪಾದದ್ದು ಲೋಕನಾಥನಿಗೆ ಅಷ್ಟು ದೂರದಿಂದಲೂ ಕಂಡಿತು. ಇಡುಕ್ಕಿಯ ಚಳಿ ಅವನಿಗೆ ಅಲ್ಲೇ ತಟ್ಟಿತು.

ಈ ಆಟದ ಚೆಂಡು ನೇರ ಹೋಗುವುದಿಲ್ಲ. ಅದರ ಒಂದು ಮಗ್ಗುಲಲ್ಲಿ ಚಿಕ್ಕ ಬಳೆಯ ಗುರುತಿರುತ್ತದೆ. ಹೋಗುತ್ತ ಹೋಗುತ್ತ ಚೆಂಡು ಆ ಮಗ್ಗುಲಿಗೇ ಬಾಗುತ್ತದೆ. ಕೃಷ್ಣಕುಮಾರರು ಗುರುತನ್ನು ಹೊರಗೆ ಮಾಡಿ ಉರುಳಿಸಿದರು. ಚೆಂಡು ಜಾಕಿಗೆ ಬೆನ್ನು ತಿರುಗಿಸಿ ಪಕ್ಕದ ಪಂದ್ಯದೊಳಕ್ಕೆ ನುಗ್ಗಿತು. ಗ್ಲ್ಯಾಡ್‌ಸನ್ ಮಾತ್ರ, "ಎಂತ ಫೋರ್ಸು ಸರ್!" ಎಂದು ಚಪ್ಪಾಳೆ ತಟ್ಟಿದ.

ತಿರುಗಿಸಿ ಹಿಡಿಯಿರಿ ಎಂದು ಹೇಳಬೇಕಾದವನು ಯಜಮಾನ. ಅಧಿಕಾರಿಗೆ ಅದನ್ನು ಹೇಳುವುದು ಹೇಗೆ? ಲೋಕನಾಥ ಝೇವಿಯರರತ್ತ ದೈನ್ಯದಿಂದ ನೋಡಿದ.

"ನನ್ನನ್ನು ನೋಡಿ ಎಂತ ಮಾಡ್ತೀರಿ? ನಾನು ಹೇಳುವ ಹಾಗಿಲ್ಲ," ಎಂದರು ಅವರು.

ಆಗ ಅವನಿಗೆ ಹತ್ತು ವರ್ಷದ ಸರ್ವಿಸು ಕಲಿಸಿದ ದಾರಿ ಹೊಳೆಯಿತು. ಕೆಳಗಿನವನ ಮಾತು ಮೇಲಿನವರಿಗೆ ನೇರ ಹೋಗಬಾರದು, ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಜೇಬಿನಿಂದ ಮೊಬೈಲ್ ತೆಗೆದು ಗ್ಲ್ಯಾಡ್‌ಸನ್‌ಗೆ ಕರೆ ಮಾಡಿದ.

"ಸಾರ್ ಚೆಂಡು ಉಲ್ಟಾ ಹಿಡೀತಾ ಇದ್ದಾರೆ. ತಿರುಗಿಸ್ಲಿಕ್ಕೆ ಹೇಳ್ಬೇಕು."

ಗ್ಲ್ಯಾಡ್‌ಸನ್ ಪ್ರೇಮಾವತಿಯವರ ಕಿವಿಯ ಬಳಿ ಬಾಗಿದ. "ಮೇಡಂ, ಸಾರ್ ಬೇಕಾದರೆ ಚೆಂಡನ್ನು ಬೇರೆ ರೀತಿಯಲ್ಲೂ ಹಿಡೀಬಹುದಂತೆ."

ಪ್ರೇಮಾವತಿ ಸೆರಗು ಸರಿಮಾಡಿಕೊಂಡು ಅಧಿಕಾರಿಗಳ ಬಳಿ ಹೋದರು. "ಸರ್, ಲೋಕನಾಥ ಹೇಳ್ತಾನೆ, ನೀವು ಹಿಡಿಯುವ ರೀತಿಯೇ ಬೇರೆ ಅಂತ."

"ಹೌದಾ? ಥ್ಯಾಂಕ್ಸ್ ಹೇಳಿ," ಎಂದ ಕೃಷ್ಣಕುಮಾರರು ಎರಡನೆಯ ಚೆಂಡನ್ನೂ ಹಾಗೆಯೇ ಉರುಳಿಸಿದರು. ಅದೂ ಪಕ್ಕದ ಪಂದ್ಯ ಸೇರಿತು.

ಸುತ್ತಿನ ಮೇಲೆ ಸುತ್ತು ಇದೇ ಆಯಿತು. ಲೋಕನಾಥ ಫೋನು ಮಾಡುವುದು, ಮಾತು ಮೆಟ್ಟಿಲು ಹತ್ತುತ್ತ ಹೊಗಳಿಕೆಯಾಗುವುದು, ಚೆಂಡು ಪರದೇಶ ಹೋಗುವುದು. ಎದುರಿನವರು ಮುಂದೆ ಹೋಗುತ್ತಲೇ ಇದ್ದರು. ಪ್ರೇಮಾವತಿ ಚೆನ್ನಾಗಿಯೇ ಆಡುತ್ತಿದ್ದರಿಂದ, ಗ್ಲ್ಯಾಡ್‌ಸನ್ ಅಳೆಯುವಾಗ ಪ್ರತಿ ಅಂಗುಲಕ್ಕೂ ಜಗಳ ಕಾಯುತ್ತಿದ್ದರಿಂದ ಪೂರ್ತಿ ಮುಳುಗಲಿಲ್ಲ, ಅಷ್ಟೇ. ಕೊನೆಗೆ ಝೇವಿಯರ್ ಬಂದು ಲೋಕನಾಥನ ಕೈಯಿಂದ ಮೊಬೈಲನ್ನು ಕಿತ್ತುಕೊಂಡರು.

"ಇದೆಂತ ಟೆಲಿಫೋನ್ ಬೂತಾ? ದೇವರು ಕೊಟ್ಟ ಬಾಯಿ ಉಂಟಲ್ಲ!"

ಕೊನೆಯ ಸುತ್ತು ಬಂತು. ಎರಡು ಪಾಯಿಂಟ್ ಸಿಕ್ಕಿದರೆ ಗೆಲುವು, ಇಲ್ಲವಾದರೆ ಸೋಲು. ಲೋಕನಾಥ ಒಬ್ಬನೇ ಆಚೆ ತುದಿಯಲ್ಲಿ ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಬಾಯಿ ಬಿಟ್ಟರೆ ಅಪಮಾನ ಮಾಡಿದ್ದಕ್ಕೆ ಇಡುಕ್ಕಿ, ಬಿಡದಿದ್ದರೆ ಸೋತದ್ದಕ್ಕೆ ಇಡುಕ್ಕಿ. ಅಷ್ಟರಲ್ಲಿ ಪಕ್ಕದ ಜಾಗದಲ್ಲಿ ಪಂದ್ಯ ಮುಗಿದು, ಅಲ್ಲಿ ಕುರ್ಚಿ ಹಾಕಿಸಿಕೊಂಡು ಮುಖ್ಯ ಅತಿಥಿಗಳ ವೃದ್ಧ ತಾಯಿ ಕೂತರು. ಕಾಲಿಗೆ ಬ್ಯಾಂಡೇಜು. ಕೃಷ್ಣಕುಮಾರರ ಚೆಂಡುಗಳು ಬೆಳಗ್ಗಿನಿಂದ ಹೋಗಿ ನಿಲ್ಲುತ್ತಿದ್ದುದು ಸರಿಯಾಗಿ ಆ ಕುರ್ಚಿಯ ಜಾಗದಲ್ಲಿ.

ಅಧಿಕಾರಿಗಳು ಚೆಂಡೆತ್ತಿದರು. ಗುರುತು ಹೊರಗೇ ಇತ್ತು. ಕೈ ಹಿಂದಕ್ಕೆ ಹೋಯಿತು.

"ನಿಲ್ಲಿ!"

ಆ ಸ್ವರ ತನ್ನದೆಂದು ಲೋಕನಾಥನಿಗೇ ತಕ್ಷಣ ಗೊತ್ತಾಗಲಿಲ್ಲ. "ನಿಲ್ಲಿ ಮಾರಾಯ್ರೇ! ಆ ಚೆಂಡು ತಿರುಗಿಸಿ! ಬೆಳಗ್ಗಿನಿಂದ ಉಲ್ಟಾ ಹಿಡೀತಾ ಇದ್ದೀರಿ! ಕಣ್ಣು ಕಾಣುದಿಲ್ವಾ?"

ಸುತ್ತಲಿನವರೆಲ್ಲ ತಿರುಗಿ ನೋಡಿದರು. ಗ್ಲ್ಯಾಡ್‌ಸನ್ ಟೇಪು ಕೆಳಗೆ ಬಿಟ್ಟ. ಪ್ರೇಮಾವತಿ ಪೆನ್ನಿನ ತುದಿ ಕಚ್ಚಿದರು. ಕೃಷ್ಣಕುಮಾರರು ಲೋಕನಾಥನನ್ನು ನೋಡಿದರು, ಚೆಂಡನ್ನು ನೋಡಿದರು, ಆಮೇಲೆ ಚೆಂಡು ತಿರುಗಿಸಿ ಹಿಡಿದರು.

ಚೆಂಡು ಚಂದಕ್ಕೆ ಬಾಗಿ ಬಂದು ಜಾಕಿನ ಪಕ್ಕದಲ್ಲಿ ನಿಂತಿತು.

ಹೇಗೂ ಕೆಲಸ ಕೆಟ್ಟಿತು, ಇನ್ನು ಹೆದರಿ ಏನು ಪ್ರಯೋಜನ ಎಂದು ಲೋಕನಾಥ ಕಟ್ಟೆಯೊಡೆದವನಂತಾದ. "ಎರಡನೆಯದೂ ಹಾಗೇ, ಸ್ವಲ್ಪ ಮೆಲ್ಲ! ಮೇಡಂ, ನೀವು ಎಡದಿಂದ! ಗ್ಲ್ಯಾಡ್‌ಸನ್, ಸಾಕು ಚಪ್ಪಾಳೆ, ಆಡು!" ಮೂವರೂ ಶಾಲೆಯ ಮಕ್ಕಳ ಹಾಗೆ ಕೇಳಿದರು. ಎದುರಿನವರೂ ಬಿಡಲಿಲ್ಲ, ಕೃಷ್ಣಕುಮಾರರ ಒಂದು ಚೆಂಡು ಬಿಟ್ಟರೆ ಜಾಕಿಗೆ ಹತ್ತಿರ ಅವರದ್ದೇ ಬಂದು ಕೂತಿತು. ಕೊನೆಗೆ ಲೋಕನಾಥನೇ ಬಂದು ಚಾಪೆಯ ಮೇಲೆ ನಿಂತ. ಕೈ ಎಷ್ಟು ನಡುಗುತ್ತಿತ್ತೆಂದರೆ ಅವನ ಚೆಂಡು ಉರುಳಿದ್ದಕ್ಕಿಂತ ಜಾರಿ ಬಿದ್ದದ್ದೇ ಹೆಚ್ಚು. ಬೇಕಾದದ್ದೂ ಅಷ್ಟೇ ವೇಗವಾಗಿತ್ತು. ಅದು ತೆವಳುತ್ತ ಹೋಗಿ ಎದುರಿನವರ ಚೆಂಡಿಗಿಂತ ಒಳಗೆ ಸೇರಿಕೊಂಡಿತು.

ಗ್ಲ್ಯಾಡ್‌ಸನ್ ಅಳೆದ, ಝೇವಿಯರ್ ಮತ್ತೊಮ್ಮೆ ಅಳೆದರು. "ಎರಡು ಪಾಯಿಂಟ್! ಗೆದ್ದಿರಿ!"

ಎಲ್ಲರೂ ಕೂಗಿದರು. ಲೋಕನಾಥ ಮಾತ್ರ ನಿಂತಲ್ಲೇ ನಿಂತ. ಕೃಷ್ಣಕುಮಾರರು ಅವನತ್ತ ನಡೆದು ಬರುತ್ತಿದ್ದರು.

"ಸರ್, ಬಾಯಿ ತಪ್ಪಿ ಬಂತು..."

"ಎಂತ ತಪ್ಪು? ಇಲ್ಲಿ ನೋಡಿ." ಅವರು ಅವನ ಹೆಗಲ ಮೇಲೆ ಕೈ ಹಾಕಿದರು. ನಗುತ್ತಿದ್ದರು, ನಿಜವಾಗಿ ನಗುತ್ತಿದ್ದರು. "ಇಷ್ಟು ವರ್ಷದಲ್ಲಿ ನನಗೆ ಹೀಗೆ ಮುಖಕ್ಕೆ ಹೇಳಿದವರು ಯಾರೂ ಇಲ್ಲ. ಸಂತೋಷ ಆಯ್ತು."

ಲೋಕನಾಥನ ಎದೆಯ ಮೇಲಿನ ಭಾರ ಇಳಿಯಿತು. ಮಗಳ ಮುಖ ಕಣ್ಣ ಮುಂದೆ ಬಂತು. ಕಣ್ಣು ತುಂಬಿತು.

"ಆ ಇಡುಕ್ಕಿಗೆ ಯಾರನ್ನು ಕಳಿಸುದು ಅಂತ ಯೋಚನೆ ಮಾಡ್ತಾ ಇದ್ದೆ," ಎಂದು ಅಧಿಕಾರಿಗಳು ಮುಂದುವರಿಸಿದರು. "ನಿಮ್ಮ ಹೆಸರು ನಾನೇ ಬಿಟ್ಟಿದ್ದೆ. ಪಾಪ, ಹೆದರುವ ಜನ, ಅಲ್ಲಿ ದಿನಾ ಜನ ಬಂದು ಮಾಡುವ ಗಲಾಟೆಯಲ್ಲಿ ಇವನಿಂದ ಆಗ್ಲಿಕ್ಕಿಲ್ಲ ಅಂತ. ಅಲ್ಲಿಗೆ ಬೇಕಾದದ್ದು ಯಾರ ಮುಖವೂ ನೋಡದೆ ಗಟ್ಟಿ ಸ್ವರದಲ್ಲಿ ಹೇಳುವ ಮನುಷ್ಯ. ನಮ್ಮಲ್ಲೇ ಇದ್ದಾನೆ ಅಂತ ಇವತ್ತು ಗೊತ್ತಾಯ್ತು. ನಾಳೆಯೇ ಆರ್ಡರ್ ಮಾಡ್ತೇನೆ."

ಗ್ಲ್ಯಾಡ್‌ಸನ್ ಚಪ್ಪಾಳೆ ತಟ್ಟಿದ. ಪ್ರೇಮಾವತಿಯೂ ತಟ್ಟಿದರು.

ಲೋಕನಾಥ ಬಾಯಿ ತೆರೆದ. ಹೇಳಬೇಕಾದ ಮಾತು ಗಂಟಲವರೆಗೆ ಬಂದಿತ್ತು. ಮಗಳು, ನಮಿತಾ, ಬದಿಯಡ್ಕ, ಎಲ್ಲವೂ ಅಲ್ಲಿತ್ತು.

"ಎಂತ?" ಎಂದು ಕೃಷ್ಣಕುಮಾರರು ಕಿವಿ ಬಾಗಿಸಿದರು. "ಗಟ್ಟಿಯಾಗಿ ಹೇಳಿ."

"ಏನಿಲ್ಲ ಸರ್," ಎಂದ ಲೋಕನಾಥ. "ಥ್ಯಾಂಕ್ಸ್."